ಅಪ್‌ಡೇಟ್: ಅಮ್ಮನ ಕೆಳದವಡೆಗೆ ಇಂಪ್ಲಾಂಟ್ ಆಯಿತು

ಅಮ್ಮನ ದವಡೆ ಮೂಳೆ ತೀರಾ ಸವೆದಿದೆ, ಮಾತಾಡಿದರೂ ಕೆಳಗಿನ ಹಲ್ಲುಸೆಟ್ ಎದ್ದು ಬರುತ್ತದೆ, ಇಂಪ್ಲಾಂಟ್ (ಹಲ್ಲಿಗೆ ಆಧಾರವಾಗಿ ಮೂಳೆಯೊಳಗೆ ಕೂರಿಸುವ ಸ್ಕ್ರೂ) ಆಗಲ್ಲ ಅಂತ ಒಂದು ಕ್ಲಿನಿಕ್‌ನಲ್ಲಿ ಹೇಳಿದ್ದಾರೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ.

ಮೊದಲು ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಮಾಡಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಹಾಸನದಲ್ಲೇ ಆಯಿತು. ಹಿಂಭಾಗದಲ್ಲಿ ನರದ ಹತ್ತಿರದವರೆಗೂ ಮೂಳೆ ಸವೆದಿತ್ತು. ಆದರೆ ಮುಂದೆ, ಗದ್ದದ ಬಳಿ ಸಾಕಷ್ಟು ಉಳಿದಿತ್ತು. ಅಲ್ಲಿ ಎರಡು ಇಂಪ್ಲಾಂಟ್ ಹಾಕಿ, ಸೆಟ್ಟನ್ನು ಪ್ರೆಸ್ ಬಟನ್ ಹಾಗೆ ಅದರ ಮೇಲೆ ಕೂರಿಸಿದ್ದಾರೆ. ಮೂಳೆ ಹಿಡಿದುಕೊಳ್ಳಲು ಸುಮಾರು 3 ತಿಂಗಳು ಬಿಟ್ಟರು, ಅದಕ್ಕೇ ಇಷ್ಟು ತಡ. ಸೆಟ್ಟನ್ನು ರಾತ್ರಿ ತೆಗೆದು ತೊಳೆಯಬೇಕು. ಈಗ ಅಕ್ಕಿರೊಟ್ಟಿ ತಿನ್ನುತ್ತಾರೆ. ಚಕ್ಕುಲಿಗೆ ಇನ್ನೂ ಧೈರ್ಯ ಮಾಡಿಲ್ಲ.

ಅಂಟು ಪೇಸ್ಟ್ ಪ್ರಯೋಜನಕ್ಕೆ ಬರಲಿಲ್ಲ, ಊಟದ ಮಧ್ಯೆಯೇ ಬಿಡುತ್ತಿತ್ತು. ಕೆಲವರು ಹೇಳಿದ ಜೈಗೋಮ್ಯಾಟಿಕ್ ಇಂಪ್ಲಾಂಟ್ ಕೆನ್ನೆ ಮೂಳೆಗೆ ಹಾಕುವುದು, ಮೇಲ್ದವಡೆಗೆ ಮಾತ್ರ. ಅಮ್ಮನ ಮೇಲಿನ ಸೆಟ್ ಚೆನ್ನಾಗೇ ಕೂತಿದೆ, ಸುಮ್ನೆ ಯಾಕೆ ಕೆಣಕೋದು ಅಲ್ವಾ? ಮೂಳೆ ಕಸಿಯೂ ಬೇಕಾಗಲಿಲ್ಲ.

ನನಗೆ ಗೊತ್ತೇ ಇರದ ವಿಷಯ ಒಂದಿತ್ತು. ಮೈಯ ಮೂಳೆಗಳೆಲ್ಲ ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಅಲೆಂಡ್ರೊನೇಟ್ ಥರದ ಮಾತ್ರೆ, ಇಂಜೆಕ್ಷನ್ ಏನಾದರೂ ತಗೊಂಡಿದ್ದಾರಾ ಅಂತ ಡಾಕ್ಟರ್ ಮೊದಲೇ ಕೇಳಿದರು. ತಗೊಂಡವರಲ್ಲಿ ಅಪರೂಪಕ್ಕೆ ದವಡೆಯ ಗಾಯ ಮಾಯುವುದೇ ಇಲ್ಲವಂತೆ. ಅಮ್ಮ ತಗೊಂಡಿರಲಿಲ್ಲ. ಶುಗರ್ ಇರುವುದರಿಂದ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ನೋಡಿದರು. ಎಲೆ-ಅಡಿಕೆ, ಹೊಗೆಸೊಪ್ಪು ಎರಡೂ ಬಿಡಿ ಅಂದರು. ಹೊಗೆಸೊಪ್ಪು ಬಿಟ್ಟಿದ್ದಾರೆ. ಎಲೆ-ಅಡಿಕೆ ವಿಚಾರದಲ್ಲಿ ಮನೆಯಲ್ಲಿ ಜಗಳ ನಡೀತಾ ಇದೆ.