ಒಂದು 'ಎ' ಬಿಟ್ಟದ್ದಕ್ಕೆ

ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಅದಕ್ಕೇ ಮನೆಯವರ ಗುಂಪಿಗೆ ಬರೆಯದೆ ಮಾತಿನಲ್ಲೇ ಕಳಿಸುತ್ತಿದ್ದೇನೆ. ಸಾಗರದ ತಂಗಿ ಕೇಳಿದ್ದನ್ನು ಕೇಳಿಸಿಕೊಂಡೆ. ಬುಧವಾರ ಪುಟ್ಟಿಗೆ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆ, ಫ್ಯೂ ಎಲ್ಲಿ, ಎ ಫ್ಯೂ ಎಲ್ಲಿ, ಲಿಟಲ್ ಎಲ್ಲಿ ಎಂದು ತಿಳಿಯದೆ ಅಳುತ್ತಿದ್ದಾಳಂತೆ. ಅಳುವುದು ಬೇಡ. ಆದರೆ ಆ ಒಂಟಿ 'ಎ' ಬಿಡಬೇಡ ಎಂದು ಹೇಳು.

ನನ್ನ ಕಾಗದದ ಕಥೆ ನಿಮಗೆಲ್ಲ ಗೊತ್ತೇ ಇದೆ, ಆದರೂ ಕೇಳಿ. 1987ನೇ ಇಸವಿ, ಹಳೇ ಮನೆಯ ಅಟ್ಟದಲ್ಲಿ 18 ಮೂಟೆ ರಾಶಿ ಅಡಿಕೆ, ಅಂದರೆ ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆ ಇತ್ತು. ಪಿಯುಸಿ ಓದಿದವಳು ನಾನೊಬ್ಬಳೇ ಎಂದು ಭಾವ ಉತ್ತರದ ಕಡೆಯ ವ್ಯಾಪಾರಿಗೆ ನನ್ನಿಂದ ಇಂಗ್ಲಿಷಿನಲ್ಲಿ ಕಾಗದ ಬರೆಸಿದರು. ಒಂದಿಷ್ಟು ಮೂಟೆ ಇದೆ ಎನ್ನಬೇಕಿತ್ತು. 'ವೀ ಹ್ಯಾವ್ ಫ್ಯೂ ಬ್ಯಾಗ್ಸ್' ಎಂದು ದುಂಡಗೆ ಬರೆದೆ. ಮೂರು ವಾರಕ್ಕೆ ಕಾರ್ಡು ಬಂತು: ಮಾಲೇ ಇಲ್ಲದ ಕಡೆ ಬಂದು ಏನು ಮಾಡಲಿ, ಬೇರೆ ಕಡೆ ಕೊಂಡೆ. ಅವರದೇನು ತಪ್ಪು? 'ಫ್ಯೂ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ, 'ಎ ಫ್ಯೂ' ಎಂದರೆ ಒಂದಿಷ್ಟು ಇದೆ. ಮಳೆ ಹಿಡಿಯಿತು, ಅಡಿಕೆಗೆ ಬೂಷ್ಟು ಬಂತು, ಸಿಕ್ಕ ದರಕ್ಕೆ ಕೊಟ್ಟೆವು. 'ಎ' ಬಿಡಬೇಡ ಎಂದು ಸುಮ್ಮನೆ ಹೇಳುತ್ತಿಲ್ಲ.

ಇಂದಿಗೂ ಮದುವೆಮನೆಯಲ್ಲಿ ಪಂಕ್ತಿಗೆ ಕುಳಿತರೆ ಆ ಕಾಗದದ ಸುದ್ದಿ ತೆಗೆದು ನಗುತ್ತೀರಿ. ಆ 18 ಮೂಟೆಯನ್ನು ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕುಳಿತು ಸುಲಿದವರು ಯಾರು? ಅತ್ತೆ ಮತ್ತು ನಾನು. ಯುಗಾದಿ ಬಂದರೂ ಬೆರಳಿಗೆ ಹತ್ತಿದ ಚೊಗರು, ಆ ಅಡಿಕೆಯ ರಸ, ಹೋಗಿರಲಿಲ್ಲ. ಹಿಸ್ಸೆಯಾಗುವಾಗ ಅದನ್ನು ಯಾರಾದರೂ ಎತ್ತಿದಿರಾ? ಬಿಟ್ಟುಹೋದ ಅಕ್ಷರ ಮಾತ್ರ ಎಲ್ಲರಿಗೂ ನೆನಪಿದೆ.

ಅಯ್ಯೋ, ಪುಟ್ಟಿಯ ವಿಷಯ ಅಲ್ಲೇ ಉಳಿಯಿತು. ನಮಗೆ ಸ್ವಲ್ಪ ಜನ, ಸ್ವಲ್ಪ ನೀರು, ಎರಡಕ್ಕೂ ಒಂದೇ 'ಸ್ವಲ್ಪ'. ತೊಡಕು ಅಲ್ಲೇ ಇರುವುದು. ಇಂಗ್ಲಿಷಿನಲ್ಲಿ ಎಣಿಸುವಂಥದ್ದಕ್ಕೆ ಫ್ಯೂ, ಫ್ಯೂವರ್, ಮೆನಿ. ಎಣಿಸಲಾಗದ್ದಕ್ಕೆ ಲಿಟಲ್, ಲೆಸ್, ಮಚ್. ಮೂಟೆಗೆ ಫ್ಯೂ, ಚೊಗರಿಗೆ ಲಿಟಲ್. ಲಿಟಲ್‌ಗೂ 'ಎ' ಹಚ್ಚಿದರೆ ಒಂದಿಷ್ಟು ಇದೆ ಎಂದೇ ಅರ್ಥ. ದುಡ್ಡಿನಲ್ಲಿ ಎಡವುವವರು ಹೆಚ್ಚು: ರುಪೀಸ್‌ಗೆ ಮೆನಿ, ಆದರೆ ಮನಿಗೆ ಮಚ್. ಫರ್ನಿಚರ್, ಅಡ್ವೈಸ್ ಕೂಡ ಎಣಿಸದ ಗುಂಪಿನವೇ. ಮಂಗಳವಾರ ರಾತ್ರಿ ಅವಳಿಂದ ಫೋನ್ ಮಾಡಿಸು, ಅಡಿಕೆಯ ಮೇಲೇ ನಾಲ್ಕು ವಾಕ್ಯ ಕೇಳುತ್ತೇನೆ.