ಕುದುರೆ ಮೆಂತೆಯ ಅರಬ್ಬಿ ಹೆಸರು ಎಲ್ಲಿಂದ ಬಂತು?

ಹಸಿರುಮೇವು: ನಾವು ಹಸುಗಳಿಗೆ ಹಾಕುವ ಕುದುರೆ ಮೆಂತೆಗೆ ಅಲ್ಫಾಲ್ಫಾ ಅಂತಲೂ ಹೆಸರಿದೆ. ಅದು ಅರಬ್ಬಿ ಪದ, 'ಎಲ್ಲ ಆಹಾರಗಳ ತಂದೆ' ಅಂತ ಅರ್ಥ ಎಂದು ತುಂಬಾ ಕಡೆ ಓದಿದೆ. ಅಷ್ಟು ಸತ್ವ ಇರುವ ಮೇವು, ನಿಜವೇ ಇರಬೇಕು ಅಲ್ವಾ?

ನುಡಿಬೇರು: ಮೇವು ಒಳ್ಳೆಯದು, ಅರ್ಥ ಅದಲ್ಲ. ಅರಬ್ಬಿಯಲ್ಲಿ ತಂದೆಗೆ 'ಅಬ್' ಅನ್ನುತ್ತಾರೆ. ಈ ಪದದಲ್ಲಿ ಅದು ಎಲ್ಲೂ ಇಲ್ಲ. ಮೂಲ ಪದ 'ಫಿಸ್ಫಿಸ', 'ಫಸ್ಫಸ' ಅಂತಲೂ ಇದೆ. ಇಂಗ್ಲಿಷಿನ 'the' ತರಹದ 'ಅಲ್' ಮುಂದೆ ಸೇರಿ ಸ್ಪೇನಿಗೆ ಹೋಗಿ ಅಲ್ಫಾಲ್ಫಾ ಆಯಿತು. ಆದರೆ ಅರಬ್ಬಿಗೂ ಅದು ಹೊರಗಿನಿಂದ ಬಂದದ್ದೇ. ಹಳೆಯ ಪರ್ಷಿಯನ್ನಿನಲ್ಲಿ 'ಅಸ್ಪಸ್ತ್' ಅಂದರೆ ಕುದುರೆಯ ಮೇವು. ಆ 'ಅಸ್ಪ'ವೂ ಸಂಸ್ಕೃತದ 'ಅಶ್ವ'ವೂ ಒಂದೇ ಬೇರಿನವು.

ಶರಾವತಿ ದಂಡೆ: ಅಸ್ಪಸ್ತ್ ಎಲ್ಲಿ, ಫಿಸ್ಫಿಸ ಎಲ್ಲಿ! ಝಲ್ಝಲ, ವಸ್ವಸ ಅಂತ ಒಂದೇ ಉಲಿ ಎರಡು ಸಲ ಬರುವ ಪದಗಳು ಅರಬ್ಬಿಯಲ್ಲಿ ಬೇಕಾದಷ್ಟಿವೆ. ಇದೂ ಅಚ್ಚ ಅರಬ್ಬಿ ಯಾಕಾಗಬಾರದು?

ನುಡಿಬೇರು: ಹೊರಗಿನ ಪದ ಬಂದಾಗ ಭಾಷೆ ಅದನ್ನು ತನ್ನ ಅಚ್ಚಿಗೇ ಹಾಕಿಕೊಳ್ಳುತ್ತದೆ. ಅರಬ್ಬಿಯಲ್ಲಿ 'ಪ' ಇಲ್ಲ, ಹಾಗಾಗಿ 'ಫ' ಬಂತು. ಪಾರ್ಸ್ ನಾಡು ಫಾರ್ಸ್ ಆದದ್ದೂ ಹೀಗೇ. ಇದು ಇಂದಿನವರ ಊಹೆಯಲ್ಲ. ಇಬ್ನ್ ಮನ್ಜೂರ್ 13ನೇ ಶತಮಾನದಲ್ಲಿ ಬರೆದ 'ಲಿಸಾನ್ ಅಲ್-ಅರಬ್' ನಿಘಂಟೇ ಇದರ ಮೂಲ ಪರ್ಷಿಯನ್ ಎನ್ನುತ್ತದೆ. ಇನ್ನೂ ಹಿಂದಕ್ಕೆ ಹೋಗಿ. ಕ್ರಿ.ಪೂ. 700ರ ಸುಮಾರಿಗೆ ಬ್ಯಾಬಿಲೋನಿನ ರಾಜ ಮರ್ದುಕ್-ಅಪ್ಲ-ಇದ್ದಿನನ ತೋಟದ ಗಿಡಗಳ ಪಟ್ಟಿಯಲ್ಲಿ 'ಅಸ್ಪಸ್ತು' ಇದೆ. ಅರಬ್ಬಿ ನಿಘಂಟು ಹುಟ್ಟುವ ಎಷ್ಟೋ ಕಾಲ ಮೊದಲು!

ದೋಹಾ ಕನ್ನಡಿಗ: ಇಲ್ಲಿ ಗಲ್ಫ್‌ನಲ್ಲಿ ಫಿಸ್ಫಿಸ ಅನ್ನುವುದನ್ನು ನಾನು ಕೇಳಿಯೇ ಇಲ್ಲ. 'ಜತ್' ಅಥವಾ 'ಬರ್ಸೀಮ್' ಅನ್ನುತ್ತಾರೆ.

ನುಡಿಬೇರು: ಜತ್ ಅಂದರೆ ಅರಬ್ಬಿ ನಿಘಂಟಿನಲ್ಲಿರುವ 'ಕತ್ತ್' ಪದವೇ, ಗಲ್ಫ್‌ನ ಆಡುಮಾತಿನ ರೂಪ. ಬರ್ಸೀಮ್ ಈಜಿಪ್ಟಿನ ಕಾಪ್ಟಿಕ್ ಭಾಷೆಯದು, ಅಲ್ಲಿ ಅದು ಬೇರೆಯೇ ಮೇವಿನ ಗಿಡ.

ಶರಾವತಿ ದಂಡೆ: ನಿಘಂಟಿನ ಮಾತು ಒಪ್ಪೋಣ. ಹಾಗಂತ ಗಿಡವೂ ಇರಾನಿನದೇ ಅನ್ನಬೇಡಿ. ಪದ ಒಂದು ದಾರಿ, ಬೀಜ ಇನ್ನೊಂದು ದಾರಿ ಹಿಡಿದಿರಬಹುದು.

ನುಡಿಬೇರು: ಸರಿಯಾದ ಎಚ್ಚರಿಕೆ. ಆದರೆ ಗ್ರೀಕರೂ ಇದನ್ನು 'ಮೆದಿಕೆ' ಎಂದು ಕರೆದರು, ಅಂದರೆ ಇರಾನಿನ ಮೀಡಿಯಾ ನಾಡಿನದು. ಸಸ್ಯಶಾಸ್ತ್ರದ 'ಮೆಡಿಕಾಗೊ' ಬಂದದ್ದೂ ಅದರಿಂದಲೇ.

ಹಸಿರುಮೇವು: ಹಾಗಾದರೆ ನಮ್ಮ 'ಕುದುರೆ ಮೆಂತೆ' ಆ ಪರ್ಷಿಯನ್ ಹೆಸರಿನ ಅನುವಾದವಾ?

ನುಡಿಬೇರು: ಅಷ್ಟು ದೂರ ಎಳೆಯಬೇಡಿ. ಎರಡು ಕಡೆಯೂ ಕುದುರೆಗೆ ಹಾಕಿದರೆ ಎರಡು ಕಡೆಯೂ ಅದೇ ಹೆಸರು ಹುಟ್ಟಬಹುದು. ಇರಾನಿನಲ್ಲಿ ಇದರ ಬೆಲೆ ನೋಡಿ: 6ನೇ ಶತಮಾನದ ದೊರೆ ಮೊದಲನೆಯ ಖುಸ್ರೋ ಒಂದು ಜರೀಬ್ (ಅಲ್ಲಿನ ನೆಲದ ಅಳತೆ) ಗೋಧಿ ಹೊಲಕ್ಕೆ 1 ದಿರ್ಹಮ್ ತೆರಿಗೆ ಹಾಕಿದ, ಅಷ್ಟೇ ಜಾಗದ ಈ ಮೇವಿಗೆ 7. ಇತಿಹಾಸಕಾರ ತಬರಿ ಬರೆದಿದ್ದಾನೆ. ಸೈನ್ಯ ನಿಂತಿದ್ದೇ ಕುದುರೆಗಳ ಮೇಲೆ.