ಮೂರು ಹಳಿಯ ಫೋಟೋ ಒಂದು, ಅಪ್ಪನ ಬಿಸ್ಕತ್ ಡಬ್ಬಿಯ ಫೋಟೋ ಇನ್ನೊಂದು: ಯಾವ ಕಾಲದ್ದು ಅಂತ ಹೇಳೋದು ಹೇಗೆ?

ಪಿ.ಜೆ. ಬಡಾವಣೆ ಅಕ್ಕ:

ನಮಸ್ಕಾರ. ನಾನು ದಾವಣಗೆರೆಯವಳು, ಟೀಚರ್ ಕೆಲಸದಿಂದ ರಿಟೈರ್ ಆಗಿ ನಾಲ್ಕು ವರ್ಷ. ಅಣ್ಣನ ಮಗ ಇಂಗ್ಲೆಂಡಿನ ವಾರಿಕ್‌ಶೈರ್ ಕೌಂಟಿಯಲ್ಲಿ, ಲೆಮಿಂಗ್ಟನ್ ಅನ್ನೋ ಊರಲ್ಲಿದ್ದಾನೆ. ಹೋದ ತಿಂಗಳು ಬಂದಾಗ ಆ ಕಡೆಯ ಹಳೇ ಫೋಟೋಗಳ ಪುಸ್ತಕ ತಂದುಕೊಟ್ಟ. ಸ್ಟೇಷನ್ನು, ಸೇತುವೆ, ಅಂಗಡಿ ಬೋರ್ಡು, ಕುದುರೆ ಗಾಡಿ. ಒಂದು ನರಪಿಳ್ಳೆ ಇಲ್ಲದ ಖಾಲಿ ಬೀದಿಯನ್ನೂ ಬಿಡದೆ ಫೋಟೋ ತೆಗೆದಿದ್ದಾರೆ! ನಮ್ಮಲ್ಲಿ ಹಾಗಿಲ್ಲ ನೋಡಿ. ನಾವು ಬೀದಿಯ ಫೋಟೋ ತೆಗೆಯೋದಿಲ್ಲ, ಬೀದಿಯಲ್ಲಿ ನಿಂತು ನಮ್ಮ ಫೋಟೋ ತೆಗೆಸಿಕೊಳ್ಳುತ್ತೇವೆ. ಬೀದಿ ಏನಿದ್ದರೂ ನಮ್ಮ ಕಿವಿ ಪಕ್ಕದಲ್ಲಿ ಇಣುಕಬೇಕು.

ಆ ಪುಸ್ತಕದ ಒಂದು ಫೋಟೋದಲ್ಲಿ ರೈಲು ದಾರಿಗೆ ಎರಡಲ್ಲ, ಮೂರು ಹಳಿ ಇವೆ. ಹುಡುಗನನ್ನು ಕೇಳಿದರೆ "ಗೊತ್ತಿಲ್ಲ ಅತ್ತೆ" ಅಂದ. ಯಾಕೆ ಹಾಗೆ?

ಅದನ್ನು ನೋಡಿದ ಮೇಲೆ ನಮ್ಮಪ್ಪನ ಬಿಸ್ಕತ್ ಡಬ್ಬಿ ಇಳಿಸಿದೆ. ಅಪ್ಪ ಹತ್ತಿ ಮಂಡಿಯಲ್ಲಿ ಗುಮಾಸ್ತರು. ಅವರ ಹತ್ತಿರ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಟ್ಟು 37 ಫೋಟೋ ಸಿಕ್ಕವು. ಹಿಂದೆ ಒಂದರಲ್ಲೂ ಒಂದಕ್ಷರ ಇಲ್ಲ. ಒಂದರಲ್ಲಿ ನನ್ನ ಸೋದರತ್ತೆ ರೈಲ್ವೆ ಗೇಟಿನ ಮುಂದೆ ನಿಂತಿದ್ದಾರೆ, ಬಿಸಿಲಿಗೆ ಕಣ್ಣು ಸಣ್ಣ ಮಾಡಿಕೊಂಡು. ಹಿಂದೆ ಗೇಟು ಹಾಕಿದೆ. ಅದರಾಚೆ ಉಗಿಬಂಡಿಯ ಇಂಜಿನ್. ಗೇಟಿನ ಕಂಬಕ್ಕೆ ಒಂದು ಸೈಕಲ್ ಒರಗಿಸಿದ್ದಾರೆ, ಹ್ಯಾಂಡಲ್‌ಗೆ ಕೈಚೀಲ. ಫೋಟೋದ ಅಂಚು ಕರ್ಜಿಕಾಯಿ ಕತ್ತರಿಸಿದ ಹಾಗೆ ಹಲ್ಲು ಹಲ್ಲು. ಇದು ಯಾವ ಊರು, ಯಾವ ಇಸವಿ? ಗೊತ್ತಿದ್ದವರು ದಾರಿ ತೋರಿಸಿ.

(ಇನ್ನೊಂದು ಫೋಟೋವನ್ನು ಕಾಪಿ ಮಾಡಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ನನ್ನನ್ನು ಕೇಳದೆಯೇ ಲ್ಯಾಮಿನೇಷನ್ ಮಾಡಿಬಿಟ್ಟಿದ್ದರು. ಒಳಗೆ ಗುಳ್ಳೆ ಎದ್ದಿವೆ. ಅವತ್ತು ಊಟ ಸೇರಲಿಲ್ಲ.)

ಹರಿಹರದ ಹಳೇ ಇಂಜಿನ್:

ಮೇಡಂ, ರೈಲ್ವೆಯಲ್ಲಿ 34 ವರ್ಷ ಸವೆಸಿದವನು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೂರು ಹಳಿ ಅಂದರೆ ಎರಡು ಅಳತೆಯ ಗಾಡಿಗಳಿಗೆ ಒಂದೇ ದಾರಿ. ಗ್ರೇಟ್ ವೆಸ್ಟರ್ನ್ ಕಂಪನಿಯ ಇಂಜಿನಿಯರ್ ಬ್ರುನೆಲ್ ತನ್ನ ಹಳಿಗಳ ನಡುವೆ ಏಳು ಅಡಿ ಕಾಲು ಇಂಚು ಬಿಟ್ಟಿದ್ದ. ಉಳಿದ ಕಂಪನಿಗಳದ್ದು ಹೆಚ್ಚಾಗಿ ನಾಲ್ಕು ಅಡಿ ಎಂಟೂವರೆ ಇಂಚು. ಎರಡೂ ಗಾಡಿ ಓಡಬೇಕು ಅಂದರೆ ಒಂದು ಹಳಿ ಇಬ್ಬರಿಗೂ ಪಾಲು, ಇನ್ನೆರಡು ಅವರವರಿಗೆ. ಈ ಕಂಪನಿಯ ದಾರಿ ಲೆಮಿಂಗ್ಟನ್ ಮೇಲೆ ಹಾದು ಬರ್ಮಿಂಗ್‌ಹ್ಯಾಮ್ ಮುಟ್ಟಿದ್ದು 1852ರಲ್ಲಿ. ಅಗಲದ ಹಳಿ ಕಂಪನಿಯಲ್ಲೆಲ್ಲೂ ಇಲ್ಲದಂತೆ ಕಿತ್ತು ಮುಗಿಸಿದ್ದು 1892ರ ಮೇನಲ್ಲಿ. ಹಾಗಾಗಿ ನಿಮ್ಮ ಪುಸ್ತಕದ ಫೋಟೋ ಆ 40 ವರ್ಷದ ಒಳಗಿನದು. ನೋಡಿ, ಮನುಷ್ಯನ ಮುಖ ಬೇಕಾಗಲಿಲ್ಲ, ಹಳಿಯೇ ಹೇಳಿತು.

ಈಗ ನಿಮ್ಮ ಅತ್ತೆಯ ಫೋಟೋ. ಅಲ್ಲೂ ಹಳಿಯಿಂದಲೇ ಶುರು ಮಾಡಿ. ನಮ್ಮ ಬೆಂಗಳೂರು–ಹುಬ್ಬಳ್ಳಿ ದಾರಿ 1990ರ ದಶಕದವರೆಗೆ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದು ಮೀಟರ್. ಈಗಿನದು ಐದೂವರೆ ಅಡಿ. ಆಮೇಲೆ ಇಂಜಿನ್ ಡ್ರೈವರ್ ನಿಲ್ಲುವ ಜಾಗದ ಪಕ್ಕದ ತಗಡನ್ನು ಭೂತಗನ್ನಡಿಯಲ್ಲಿ ನೋಡಿ. 'ವೈಪಿ' ಅಥವಾ 'ವೈಜಿ' ಅಂತ ಇರಬಹುದು. ವೈ ಅಂದರೆ ಮೀಟರ್ ಗೇಜ್, ಪಿ ಅಂದರೆ ಪ್ಯಾಸೆಂಜರ್, ಜಿ ಅಂದರೆ ಗೂಡ್ಸ್. ಇವು ಸ್ವಾತಂತ್ರ್ಯ ಬಂದ ಮೇಲಿನ ಇಂಜಿನ್‌ಗಳು. 'ಎಸ್.ಆರ್.' ಅಂತಲೂ ಕಂಡರೆ ಇನ್ನೂ ಒಳ್ಳೆಯದು. ದಕ್ಷಿಣ ರೈಲ್ವೆ ಹುಟ್ಟಿದ್ದೇ 1951ರ ಏಪ್ರಿಲ್‌ನಲ್ಲಿ, ಅದಕ್ಕೆ ಮುಂಚಿನ ಫೋಟೋ ಆಗಲಾರದು.

ಮಂಡಿಪೇಟೆ ಹುಡುಗ:

ಅಕ್ಕಾ, ಅದು ಅಶೋಕ ಟಾಕೀಸ್ ಹತ್ತಿರದ ಗೇಟೇ. ಕಣ್ಣು ಮುಚ್ಚಿ ಹೇಳ್ತೀನಿ. ಆ ಗೇಟಿನ ಮುಂದೆ ಕಾದು ಕಾದೇ ನನ್ನ ಅರ್ಧ ಆಯಸ್ಸು ಹೋಗಿದೆ, ಮರೆಯೋಕಾಗುತ್ತಾ?

ದುರ್ಗದ ಸ್ಟುಡಿಯೋ:

ಅಕ್ಕಾವ್ರೇ, ಚಿತ್ರದುರ್ಗದಲ್ಲಿ ನಮ್ಮ ತಂದೆ ಕಾಲದಿಂದ ಸ್ಟುಡಿಯೋ ಇದೆ. ಹಲ್ಲು ಹಲ್ಲು ಅಂಚಿನ ಪ್ರಿಂಟು ಐವತ್ತು ಅರವತ್ತರ ದಶಕದಲ್ಲಿ ಜಾಸ್ತಿ ಇತ್ತು. ಆಗ್ಫಾ ಕ್ಲಿಕ್‌ಗೆ ಹಾಕುತ್ತಿದ್ದದ್ದು 120 ಫಿಲ್ಮು, ಒಂದು ರೋಲಿಗೆ 12 ಚೌಕ ಫೋಟೋ. ಹಾಗಾಗಿ 37ರಲ್ಲಿ ಒಂದೇ ದಿನದವು ಹಲವು ಇರುತ್ತವೆ. ಅದೇ ಸೀರೆ, ಅದೇ ನೆರಳು ಹುಡುಕಿ ಜೊತೆ ಮಾಡಿ. ಒಂದರ ಊರು ತಿಳಿದರೆ ಉಳಿದವೂ ಬಾಯಿ ಬಿಡುತ್ತವೆ. ಬೋರ್ಡುಗಳನ್ನೂ ನೋಡಿ. 'ಮೈಸೂರು ರಾಜ್ಯ' ಅಂತಿದ್ದರೆ ಹೆಚ್ಚುಕಡಿಮೆ 1973ರ ನವೆಂಬರ್‌ಗಿಂತ ಮುಂಚೆ. ಗಾಡಿ ನಂಬರು 'ಕೆಎ' ಅಂತಿದ್ದರೆ 1989ರ ಈಚೆಗೆ.

ಲ್ಯಾಮಿನೇಷನ್ ಆದದ್ದನ್ನು ದಯವಿಟ್ಟು ಕೀಳೋಕೆ ಹೋಗಬೇಡಿ, ಚಿತ್ರವೇ ಎದ್ದು ಬರುತ್ತೆ. ಹಾಗೇ ಸ್ಕ್ಯಾನ್ ಮಾಡಿಸಿ. ಮಿಕ್ಕವನ್ನು 600 ಡಿಪಿಐನಲ್ಲಿ ಮಾಡಿಸಿ, ನೀವೇ ಮುಂದೆ ನಿಂತು. ಹಿಂದೆ ಬರೆಯೋದಾದರೆ ಮೆತ್ತನೆ ಪೆನ್ಸಿಲ್. ಬಾಲ್ ಪೆನ್ನು ಒತ್ತಿದರೆ ಮುಂದಿನ ಮುಖದ ಮೇಲೆ ಗೀರು ಮೂಡುತ್ತೆ.

ಇನ್ನೊಂದು ಮಾತು. ವಾರಿಕ್‌ಶೈರಿನ ಆ ಖಾಲಿ ಬೀದಿ ಫೋಟೋಗಳು ಸುಮ್ನೆ ಬಂದವಲ್ಲ. ಜೆರೋಮ್ ಹ್ಯಾರಿಸನ್ ಅನ್ನೋ ವಿಜ್ಞಾನದ ಮೇಷ್ಟ್ರು 'ಇಡೀ ಕೌಂಟಿಯ ಫೋಟೋ ತೆಗೆದು ಇಡೋಣ' ಅಂತ 1889ರಲ್ಲಿ ಹೇಳಿದ. 1890ರಲ್ಲಿ ಹವ್ಯಾಸಿಗಳು ಸೇರಿ ಶುರು ಮಾಡಿಯೇಬಿಟ್ಟರು. ಅವು ಬರ್ಮಿಂಗ್‌ಹ್ಯಾಮ್ ಲೈಬ್ರರಿ ಸೇರಿದವು. ನೀವೂ ಟೀಚರೇ ಅಲ್ವಾ!

ಪಿ.ಜೆ. ಬಡಾವಣೆ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ವಿಷಯ ಚುಚ್ಚಿತು ಸ್ವಲ್ಪ, ಇರಲಿ.

ಭೂತಗನ್ನಡಿ ಹಿಡಿದೆ. 'ವೈಪಿ' ಚೆನ್ನಾಗಿ ಕಾಣುತ್ತೆ, ನಂಬರು ಹೊಗೆಯಲ್ಲಿ ಮುಚ್ಚಿದೆ. ಅದೇ ಸೀರೆಯ ಫೋಟೋ ಇನ್ನೂ ಮೂರು ಸಿಕ್ಕವು, ಒಂದರಲ್ಲಿ ಹಿಂದೆ ಹೊಳೆ, ಸೇತುವೆ. ವಾಟ್ಸಾಪಿನಲ್ಲಿ ಅತ್ತೆಗೇ ಕಳಿಸಿ ಫೋನ್ ಮಾಡಿದೆ. "ಅಯ್ಯೋ, ದಾವಣಗೆರೆ ಎಲ್ಲಿಂದ ಬಂತೇ, ಅದು ಹರಿಹರ. ನನ್ನ ನಿಶ್ಚಿತಾರ್ಥ ಆದ ವಾರ. 64ನೇ ಇಸವಿ. ಹರಿಹರೇಶ್ವರನ ಗುಡಿಗೆ ಹೋಗಿದ್ವಿ" ಅಂದರು. ಸೈಕಲ್ ಯಾರದ್ದು ಅಂತ ಕೇಳಿದೆ. "ನಿಮ್ಮಪ್ಪಂದೇ. ಚೀಲದಲ್ಲಿ ಮಂಡಕ್ಕಿ ಇತ್ತು. ಅವನು ಫೋಟೋ ತೆಗೆಯೋ ಹೊತ್ತಿಗೆ ಆಡು ಬಂದು ಬಾಯಿ ಹಾಕ್ತು."

37 ಫೋಟೋದಲ್ಲಿ ಅಪ್ಪ ಒಂದರಲ್ಲೂ ಇಲ್ಲ. ಸೈಕಲ್ ಇದೆ.

ಹರಿಹರದ ಹಳೇ ಇಂಜಿನ್:

ನಮ್ಮೂರು! ಆ ಸೇತುವೆ ಫೋಟೋ ಇಲ್ಲಿ ಹಾಕಿ ಮೇಡಂ, ಬೇಗ.

ಮಂಡಿಪೇಟೆ ಹುಡುಗ:

ನಾನು ಕಣ್ಣು ಮುಚ್ಚಿ ಹೇಳಿದ್ದೆ ಅಂತ ಮೊದಲೇ ಹೇಳಿದ್ದೆನಲ್ಲ ಅಕ್ಕಾ.